ಸರ್ ಚಂದ್ರಶೇಖರ ವೆಂಕಟ ರಾಮನ್ನರು

ನಮ್ಮ ವಿಜ್ಞಾನದ ತರಗತಿಗೆ ಹಿರೇಹಂದಿಗೋಳದಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮಳೆಗಾಲದ ಒಂದು ಮುಂಜಾನೆ ಕಾಗದದ ಪೊಟ್ಟಣವೊಂದನ್ನು ತಂದು ನಮ್ಮ ಮೇಜಿನ ಮೇಲೆ ಇಟ್ಟಳು. ಬಿಚ್ಚಿ ನೋಡಲು ಅದರಲ್ಲಿ ಹಳ್ಳದ ದಂಡೆಯಿಂದ ಬಳಿದು ತಂದ ಒಂದು ಹಿಡಿ ಉಸುಕು ಇದ್ದಿತು. ಶಾಲೆಯ ಲೋಹಚುಂಬಕವನ್ನು ಅದರ ಮೇಲೆ ಆಡಿಸಿದಾಗ ಬಿಳಿಯ ಉಸುಕು ಕೆಳಗೆ ಉಳಿದು, ಕಪ್ಪು ಕಣಗಳೆಲ್ಲ ಚುಂಬಕದ ತುದಿಗೆ ಗಡ್ಡದಂತೆ ಜೋತುಬಿದ್ದವು. ಈ ಕಪ್ಪು ಕಣಗಳು ಕಬ್ಬಿಣವೂ ಪ್ರಾಣವಾಯುವೂ ಕೂಡಿ ಆದವುಗಳೆಂದು ನಾವು ತಿಳಿಸಿದೆವು. ಮೊಳೆಗೆ ಹಿಡಿಯುವ ಕೆಂಪು ತುಕ್ಕಿನಲ್ಲಿಯೂ ಅವೆರಡೇ ಕೂಡಿರುವವಲ್ಲವೇ, ಹಾಗಿದ್ದರೆ ತುಕ್ಕು ಚುಂಬಕಕ್ಕೆ ಅಂಟದೆ ಈ ಕಪ್ಪು ಕಣವು ಮಾತ್ರ ಅಂಟುವದು ಯಾತಕ್ಕೆಂದು ಅವಳು ಕೇಳಿದಳು.

ಪ್ರಶ್ನೆಯು ಚಿಕ್ಕದು, ಉತ್ತರವು ಚಿಕ್ಕದಲ್ಲ. ಎರಡರಲ್ಲಿಯೂ ಇರುವ ಪದಾರ್ಥಗಳು ಒಂದೇ. ಭೇದವಿರುವದು ಒಳಗಿನ ಜೋಡಣೆಯಲ್ಲಿ. ಆ ಜೋಡಣೆಯನ್ನು ಕಣ್ಣಿನಿಂದಾಗಲಿ ಸಾಮಾನ್ಯವಾದ ಸೂಕ್ಷ್ಮದರ್ಶಕದಿಂದಾಗಲಿ ಕಾಣಲಾಗದು. ಬೆಳಕನ್ನೋ ಕ್ಷ-ಕಿರಣವನ್ನೋ ವಸ್ತುವಿನ ಮೇಲೆ ಹಾಯಿಸಿ, ಅದು ಅಲ್ಲಿ ತಾಕಿ ನಾನಾ ದಿಕ್ಕಿಗೆ ಚದರಿ ಬರುವ ಬಗೆಯನ್ನು ನೋಡಿ, ಒಳಗಿನ ಸ್ಥಿತಿಯನ್ನು ಊಹಿಸಬೇಕು. ಚದರಿದ ಬೆಳಕನ್ನು ಹೀಗೆ ಸಾಕ್ಷಿಗೆ ಕರೆದು ಮಾತನಾಡಿಸುವ ವಿದ್ಯೆಯಲ್ಲಿ ನಮ್ಮ ದೇಶಕ್ಕೆ ಲೋಕದ ಮಾನ್ಯತೆಯನ್ನು ತಂದವರು ಸರ್ ಸಿ. ವಿ. ರಾಮನ್ನರು. ಅವರು ತಮಿಳು ನಾಡಿನಲ್ಲಿ ಹುಟ್ಟಿ, ಕಲಕತ್ತೆಯಲ್ಲಿ ಹೆಸರುವಾಸಿಯಾಗಿ, ತಮ್ಮ ಆಯುಷ್ಯದ ಕಡೆಯ ಮೂವತ್ತೇಳು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ಪೂರ್ವ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಈ ಸ್ಮರಣಸಂಚಿಕೆಯ ಮೂಲಕ ಅವರ ಚರಿತ್ರೆಯನ್ನು ಅರಿಕೆ ಮಾಡಿಕೊಳ್ಳುವದು ಉಚಿತವೆಂದು ಎಣಿಸಿದೆವು. ದೊಡ್ಡವರ ಗುಣಗಳನ್ನು ಮಾತ್ರ ಹೇಳಿ ಕುಂದುಗಳನ್ನು ಮುಚ್ಚಿಡುವದು ಸತ್ಯಕ್ಕೆ ಸಲ್ಲದಾದ್ದರಿಂದ ಎರಡನ್ನೂ ಬರೆದಿದ್ದೇವೆ.

ರಾಮನ್ನರು ೧೮೮೮ನೆಯ ಇಸವಿಯ ನವೆಂಬರ ೭ರಂದು ತಿರುಚಿರಾಪಳ್ಳಿಯ ಸಮೀಪದಲ್ಲಿರುವ ತಿರುವಾನೈಕ್ಕಾವಲ್ ಎಂಬ ಊರಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರರು, ತಾಯಿ ಪಾರ್ವತಿ ಅಮ್ಮಾಳರು. ಎಂಟು ಮಂದಿ ಮಕ್ಕಳಲ್ಲಿ ಇವರು ಎರಡನೆಯವರು. ತಂದೆಯವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಕಲಿಸುವ ಉಪಾಧ್ಯಾಯರಾದ್ದರಿಂದ ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಬಾಲಕನ ದೇಹವು ದುರ್ಬಲವಾಗಿದ್ದರೂ ಬುದ್ಧಿಯು ಅತಿ ಚುರುಕಾಗಿದ್ದಿತು. ಹನ್ನೊಂದನೆಯ ವರ್ಷದಲ್ಲಿಯೇ ಮ್ಯಾಟ್ರಿಕ್ಯುಲೇಶನ್ ಪರೀಕ್ಷೆಯನ್ನು ಮುಗಿಸಿ, ೧೯೦೩ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ಮರುವರ್ಷ ಬಿ. ಎ. ಪರೀಕ್ಷೆಯಲ್ಲಿ ಮೊದಲಿಗರಾಗಿ ಚಿನ್ನದ ಪದಕವನ್ನು ಪಡೆದರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ೧೯೦೬ರಲ್ಲಿ, ಬೆಳಕಿನ ವಿಷಯವಾಗಿ ಅವರು ಬರೆದ ಲೇಖನವೊಂದು ಲಂಡನ್ನಿನ ಪ್ರಸಿದ್ಧವಾದ ಶಾಸ್ತ್ರಪತ್ರಿಕೆಯಲ್ಲಿ ಅಚ್ಚಾಯಿತು. ೧೯೦೭ರಲ್ಲಿ ಎಂ. ಎ. ಪದವಿಯನ್ನು ಹೊಂದಿದರು. ಅದೇ ವರ್ಷ ವೀಣಾವಾದನದಲ್ಲಿ ನಿಪುಣೆಯಾದ ಲೋಕಸುಂದರಿಯವರೊಡನೆ ಅವರ ವಿವಾಹವಾಯಿತು.

ಆ ಕಾಲದಲ್ಲಿ ನಮ್ಮ ದೇಶದ ತರುಣನೊಬ್ಬನು ವಿಜ್ಞಾನವನ್ನೇ ವೃತ್ತಿಯಾಗಿ ಹಿಡಿಯುವದು ಸುಲಭವಾಗಿರಲಿಲ್ಲ. ರಾಮನ್ನರು ಸರ್ಕಾರದ ಹಣಕಾಸಿನ ಇಲಾಖೆಯ ಪರೀಕ್ಷೆಗೆ ಕುಳಿತು ಮೊದಲನೆಯವರಾಗಿ ತೇರ್ಗಡೆ ಹೊಂದಿ, ಕಲಕತ್ತೆಯಲ್ಲಿ ಅಸಿಸ್ಟಂಟ್ ಅಕೌಂಟಂಟ್ ಜನರಲ್ ಎಂಬ ದೊಡ್ಡ ಸಂಬಳದ ಹುದ್ದೆಯನ್ನು ಪಡೆದರು. ಮತ್ತೊಬ್ಬರಾಗಿದ್ದರೆ ಲೆಕ್ಕದ ಪುಸ್ತಕಗಳೊಡನೆಯೇ ಬಾಳನ್ನು ಸವೆಸುತ್ತಿದ್ದರು. ಆದರೆ ಕಲಕತ್ತೆಯ ಬೌಬಜಾರಿನ ಬೀದಿಯಲ್ಲಿ ಡಾಕ್ಟರ್ ಮಹೇಂದ್ರಲಾಲ ಸರ್ಕಾರರು ೧೮೭೬ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘವೊಂದು ಇದ್ದಿತು. ಉಪಕರಣಗಳಿದ್ದವು, ಕೋಣೆಗಳಿದ್ದವು, ಕೆಲಸ ಮಾಡುವವರು ವಿರಳರಾಗಿದ್ದರು. ರಾಮನ್ನರು ಕಚೇರಿಗೆ ಹೋಗುವ ಮೊದಲು ಬೆಳಗಿನಲ್ಲಿಯೂ ಕಚೇರಿಯು ಮುಗಿದ ತರುವಾಯ ರಾತ್ರಿಯ ತನಕವೂ ಅಲ್ಲಿ ಪ್ರಯೋಗ ಮಾಡತೊಡಗಿದರು. ಆಶುತೋಷ ಡೇ ಎಂಬ ಸಹಾಯಕನೊಬ್ಬನೇ ಅವರ ಸಂಗಾತಿ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಗಿ ಹೋದರೂ ೧೯೧೧ರಲ್ಲಿ ಮರಳಿ ಕಲಕತ್ತೆಗೆ ಬಂದು ಅದೇ ಕಾರ್ಯವನ್ನು ಮುಂದರಿಸಿದರು. ಹತ್ತು ವರ್ಷಗಳ ಪರ್ಯಂತ ಹಗಲು ಲೆಕ್ಕ, ಸಂಜೆ ವಿಜ್ಞಾನ ಎಂಬಂತೆ ಅವರ ದಿನಚರಿಯು ನಡೆಯಿತು.

ಮೊದಲು ಅವರ ಲಕ್ಷ್ಯವು ನಾದದ ಕಡೆಗಿದ್ದಿತು. ಪಿಟೀಲು, ವೀಣೆ, ಮೃದಂಗ, ತಬಲಗಳ ಧ್ವನಿಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ, ಬೇರೆ ಬಗೆಯ ಚರ್ಮವಾದ್ಯಗಳಿಗಿಲ್ಲದ ಸ್ವರಮಾಧುರ್ಯವು ನಮ್ಮ ಮೃದಂಗಕ್ಕೆ ಅದರ ನಡುವಿನ ಕರಣೆಯ ದೆಸೆಯಿಂದ ಬಂದಿರುವದೆಂದು ತೋರಿಸಿಕೊಟ್ಟರು. ಕಲಕತ್ತೆಯ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಸರ್ ಆಶುತೋಷ ಮುಖರ್ಜಿಯವರು ಇವರ ಯೋಗ್ಯತೆಯನ್ನು ಅರಿತು ಪಾಲಿತ್ ಪ್ರಾಧ್ಯಾಪಕರ ಪದವಿಗೆ ಕರೆದರು. ಸಂಬಳವು ಸರ್ಕಾರದ ಹುದ್ದೆಗಿಂತ ಬಹಳ ಕಡಿಮೆ. ರಾಮನ್ನರು ಹಿಂದುಮುಂದು ನೋಡದೆ ೧೯೧೭ರಲ್ಲಿ ಹುದ್ದೆಗೆ ರಾಜೀನಾಮೆಯನ್ನು ಕೊಟ್ಟು ಅಧ್ಯಾಪಕರಾದರು.

೧೯೨೧ರಲ್ಲಿ ಆಕ್ಸ್‌ಫರ್ಡಿನಲ್ಲಿ ನೆರೆದ ವಿಶ್ವವಿದ್ಯಾಲಯಗಳ ಸಭೆಗೆ ಹೋಗಿ ಹಡಗಿನಲ್ಲಿ ಮರಳುತ್ತಿರುವಾಗ ಮೆಡಿಟರೇನಿಯನ್ ಸಮುದ್ರದ ಗಾಢವಾದ ನೀಲವರ್ಣವು ಅವರ ಮನಸ್ಸನ್ನು ಸೆರೆಹಿಡಿಯಿತು. ಆಕಾಶವು ನೀಲಿಯಾಗಿರುವದು ಗಾಳಿಯ ಅಣುಗಳು ಬೆಳಕನ್ನು ಚದರಿಸುವದರಿಂದ ಎಂಬುದು ಆಗಲೇ ತಿಳಿದಿದ್ದಿತು. ಸಮುದ್ರದ ನೀಲಿಯಾದರೋ ಆಕಾಶದ ಪ್ರತಿಬಿಂಬವೆಂದು ಜನರು ನಂಬಿದ್ದರು. ರಾಮನ್ನರು ಹಡಗಿನ ಮೇಲಟ್ಟದಲ್ಲಿಯೇ ನಿಂತು, ಪ್ರತಿಬಿಂಬದ ಹೊಳಪನ್ನು ಅಳಿಸುವ ಒಂದು ಚಿಕ್ಕ ಸಾಧನದ ಮೂಲಕ ನೀರನ್ನು ನೋಡಿದರು. ನೀಲಿಯು ಕುಂದಲಿಲ್ಲ, ಬದಲಾಗಿ ಹೆಚ್ಚಿತು. ನೀರಿನ ಅಣುಗಳೇ ಬೆಳಕನ್ನು ಚದರಿಸುವವೆಂದು ಅವರಿಗೆ ನಿಶ್ಚಯವಾಯಿತು. ಅಂದಿನಿಂದ ಬೆಳಕಿನ ಚದರಿಕೆಯೇ ಅವರ ಜೀವನದ ಕಾರ್ಯವಾಯಿತು. ೧೯೨೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿತು.

ನೀರು, ಎಣ್ಣೆ, ಮದ್ಯಸಾರ ಮೊದಲಾದ ದ್ರವಗಳನ್ನು ಒಂದೊಂದಾಗಿ ಶುದ್ಧಮಾಡಿ ಅವುಗಳಲ್ಲಿ ಸೂರ್ಯಕಿರಣವನ್ನು ಹಾಯಿಸಿ ನೋಡುವ ಕಾರ್ಯವು ವರ್ಷಗಟ್ಟಲೆ ನಡೆಯಿತು. ೧೯೨೩ರಲ್ಲಿಯೇ ಅವರ ಶಿಷ್ಯರಾದ ಕೆ. ಆರ್. ರಾಮನಾಥನ್ನರಿಗೆ, ಚದರಿದ ಬೆಳಕಿನಲ್ಲಿ ಒಳಗೆ ಹೋಗದಿದ್ದ ಬಣ್ಣದ ಒಂದು ಕ್ಷೀಣ ಛಾಯೆಯು ಕಂಡಿತು. ದ್ರವದಲ್ಲಿ ಏನೋ ಕಲ್ಮಷವಿರಬೇಕೆಂದು ಮೊದಲು ಭಾವಿಸಿದರು. ಎಷ್ಟು ಸಾರಿ ಶೋಧಿಸಿದರೂ ಛಾಯೆಯು ಹೋಗಲಿಲ್ಲ. ಇತರರಾಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದರೋ ಏನೋ, ರಾಮನ್ನರು ಬಿಡಲಿಲ್ಲ. ೧೯೨೮ನೆಯ ಇಸವಿಯ ಆರಂಭದಲ್ಲಿ ಕೆ. ಎಸ್. ಕೃಷ್ಣನ್ನರೊಡನೆ ಕೂಡಿ ಮತ್ತೆ ಕೈಹಾಕಿದರು. ದೂರದರ್ಶಕದ ಗಾಜಿನಿಂದ ಸೂರ್ಯನ ಬೆಳಕನ್ನು ಒಟ್ಟುಗೂಡಿಸಿ, ನೇರಿಳೆ ಬಣ್ಣದ ಕಿರಣವನ್ನು ಮಾತ್ರ ಒಳಗೆ ಬಿಡುವ ಗಾಜನ್ನು ಇತ್ತ ಕಡೆಗೂ, ಆ ಬಣ್ಣವನ್ನು ಪೂರ್ತಿಯಾಗಿ ತಡೆಯುವ ಹಸುರು ಗಾಜನ್ನು ಅತ್ತ ಕಡೆಗೂ ಇಟ್ಟರು. ಎರಡರ ನಡುವೆ ದ್ರವವಿದ್ದಿತು. ಬೆಳಕು ತನ್ನ ಬಣ್ಣವನ್ನು ಬದಲಿಸದಿದ್ದರೆ ಅತ್ತ ಕಡೆಗೆ ಏನೂ ಕಾಣಬಾರದು. ಆದರೆ ಮಸಕಾದ ಬೆಳಕೊಂದು ಕಂಡಿತು. ಫೆಬ್ರವರಿ ೨೮ರಂದು ವರ್ಣಪಟಲದರ್ಶಕದ ಮೂಲಕ ನೋಡಿ, ಚದರಿದ ಬೆಳಕಿನ ಸ್ವಲ್ಪ ಅಂಶವು ನಿಜವಾಗಿಯೂ ಹೊಸ ಬಣ್ಣವನ್ನು ತಾಳುವದೆಂದು ಗೊತ್ತುಮಾಡಿಕೊಂಡರು.

ಇದರ ಮರ್ಮವೇನೆಂಬುದನ್ನು ಸ್ವಲ್ಪ ವಿವರಿಸುವೆವು. ಅಣುಗಳು ಸುಮ್ಮನೆ ಕುಳಿತಿರುವ ಕಾಳುಗಳಲ್ಲ. ಪ್ರತಿಯೊಂದು ಅಣುವೂ ತನ್ನದೇ ಆದ ಲಯದಿಂದ ಸದಾ ಕಂಪಿಸುತ್ತಿರುವದು. ಬೆಳಕು ಅದನ್ನು ತಾಕುವಾಗ ಬಹುಮಟ್ಟಿಗೆ ಬಂದಂತೆಯೇ ಚದರಿಹೋಗುವದು. ಕೋಟಿಗೊಂದು ಎಂಬಷ್ಟು ಅಲ್ಪ ಭಾಗವು ಮಾತ್ರ ಅಣುವಿಗೆ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಕೊಟ್ಟು, ಅಥವಾ ಅದರಿಂದ ಸ್ವಲ್ಪವನ್ನು ಕೊಂಡು, ಬಣ್ಣ ಬದಲಿಸಿ ಹೊರಗೆ ಬರುವದು. ಎಷ್ಟು ಕೊಟ್ಟಿತು, ಎಷ್ಟು ಕೊಂಡಿತು ಎಂಬುದನ್ನು ಅಳೆದರೆ ಅಣುವಿನ ಲಯವು ತಿಳಿಯುವದು. ಲಯವು ತಿಳಿದರೆ ಅದರ ಜೋಡಣೆಯು ತಿಳಿಯುವದು. ಲೋಕವು ವ್ಯರ್ಥವೆಂದು ಬಿಟ್ಟಿದ್ದ ಕೋಟಿಯಲ್ಲೊಂದು ಪಾಲಿನ ಬೆಳಕೇ ಪದಾರ್ಥದ ಒಳಮನೆಯ ಸುದ್ದಿಯನ್ನು ಹೊತ್ತು ತರುವದು. ಈ ಪರಿಣಾಮಕ್ಕೆ ರಾಮನ್ ಪರಿಣಾಮವೆಂದು ಹೆಸರಾಯಿತು. ಅದೇ ವರ್ಷ ಮಾಸ್ಕೋ ನಗರದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಸ್ಟಾಮ್ ಎಂಬ ಪಂಡಿತರು ಸ್ಫಟಿಕಗಳಲ್ಲಿ ಇದನ್ನೇ ಸ್ವತಂತ್ರವಾಗಿ ಕಂಡುಹಿಡಿದರೆಂಬುದನ್ನೂ ಇಲ್ಲಿ ಹೇಳಬೇಕು. ಹೊಸ ಕಿರಣದ ವಿಷಯವಾಗಿ ರಾಮನ್ನರು ತಮ್ಮ ಪ್ರಸಿದ್ಧವಾದ ಉಪನ್ಯಾಸವನ್ನು ೧೯೨೮ರ ಮಾರ್ಚ ೧೬ರಂದು ಬೆಂಗಳೂರಿನಲ್ಲಿ ಕೊಟ್ಟರೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ೧೯೨೯ರಲ್ಲಿ ಅವರಿಗೆ ಸರ್ ಎಂಬ ಬಿರುದೂ, ೧೯೩೦ರಲ್ಲಿ ನೊಬೆಲ್ ಪಾರಿತೋಷಕವೂ ದೊರೆತವು. ವಿಜ್ಞಾನದಲ್ಲಿ ಆ ಪಾರಿತೋಷಕವನ್ನು ಪಡೆದ ಏಷ್ಯಾ ಖಂಡದವರಲ್ಲಿ ಅವರೇ ಮೊದಲಿಗರು.

೧೯೩೩ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಆ ಪೀಠವನ್ನೇರಿದ ಭಾರತೀಯರಲ್ಲಿ ಇವರೇ ಪ್ರಥಮರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಆದರೆ ಅವರ ಸ್ವಭಾವವು ಕಠಿನವಾದದ್ದು. ತಾವು ಸರಿಯೆಂದು ಕಂಡುದನ್ನು ಇತರರ ಮನಸ್ಸನ್ನು ನೋಡದೆ ಮಾಡಿಬಿಡುವ ಪದ್ಧತಿಯಿಂದ ಆಡಳಿತ ಮಂಡಲಿಯೊಡನೆ ವಿರಸವು ಬೆಳೆದು, ೧೯೩೭ರಲ್ಲಿ ನಿರ್ದೇಶಕರ ಪದವಿಯನ್ನು ಬಿಟ್ಟು ಕೇವಲ ಪ್ರಾಧ್ಯಾಪಕರಾಗಿ ೧೯೪೮ರ ವರೆಗೆ ಅಲ್ಲಿಯೇ ಕೆಲಸ ಮಾಡಿದರು.

ಹೆಣ್ಣುಮಕ್ಕಳ ಶಾಲೆಯವರಾದ ನಾವು ಇಲ್ಲಿ ಒಂದು ಸಂಗತಿಯನ್ನು ಮರೆಮಾಡದೆ ಹೇಳಬೇಕಾಗಿದೆ. ೧೯೩೩ರಲ್ಲಿ ಮುಂಬಯಿಯ ಪದವೀಧರೆಯಾದ ಕಮಲಾ ಭಾಗವತರು ಸಂಶೋಧನೆಗಾಗಿ ಈ ಸಂಸ್ಥೆಗೆ ಅರ್ಜಿಯನ್ನು ಹಾಕಿಕೊಂಡಾಗ, ಅವರು ಸ್ತ್ರೀಯೆಂಬ ಒಂದೇ ಕಾರಣದಿಂದ ರಾಮನ್ನರು ಪ್ರವೇಶವನ್ನು ನಿರಾಕರಿಸಿದರು. ಕಮಲಾರವರು ಅಲ್ಲಿಗೆ ಸುಮ್ಮನಾಗದೆ ಬೆಂಗಳೂರಿಗೆ ಬಂದು ಎದುರಿನಲ್ಲಿ ನಿಂತು ಕಾರಣವನ್ನು ಕೇಳಿದರು. ಕಡೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಬಹುದೆಂದು ಷರತ್ತುಗಳೊಡನೆ ಒಪ್ಪಿಗೆಯು ದೊರೆಯಿತು. ಅವರು ಆ ಅವಮಾನವನ್ನು ನುಂಗಿಕೊಂಡು ಶ್ರೀನಿವಾಸಯ್ಯನವರ ಕೈಕೆಳಗೆ ಹಗಲಿರುಳು ದುಡಿದು, ತರುವಾಯ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ೧೯೩೯ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಕಮಲಾ ಸೊಹೋನಿಯೆಂದು ಲೋಕವು ಬಲ್ಲುದು ಇವರನ್ನೇ. ಒಬ್ಬ ತರುಣಿಯ ಹಟವು ಒಂದು ದೊಡ್ಡ ಸಂಸ್ಥೆಯ ಬಾಗಿಲನ್ನು ತೆರೆಯಿಸಿತು. ಆಮೇಲೆ ರಾಮನ್ನರ ಸ್ವಂತ ಪ್ರಯೋಗಾಲಯದಲ್ಲಿಯೇ ಲಲಿತಾ ದೊರೆಸ್ವಾಮಿ, ಸುನಂದಾಬಾಯಿ, ಅನ್ನಾ ಮಣಿ ಎಂಬ ಮೂವರು ಸ್ತ್ರೀಯರಿಗೆ ಸ್ಥಳವು ದೊರೆಯಿತು. ಬೆಳಕಿನ ಬಣ್ಣ ಬದಲಾವಣೆಯ ಕುರುಹನ್ನು ಹುಡುಕುತ್ತ ಜೀವಮಾನವನ್ನು ಕಳೆದವರು ತಮ್ಮ ಅಭಿಪ್ರಾಯವನ್ನು ಸ್ವಲ್ಪವಾದರೂ ಬದಲಿಸಿಕೊಂಡರೆಂಬುದು ಸಮಾಧಾನದ ವಿಷಯ. ಆದರೆ ಮೊದಲು ಮುಚ್ಚಿದ ಬಾಗಿಲಿನ ನೋವನ್ನು ಅದು ಅಳಿಸದು.

ಅನ್ನಾ ಮಣಿಯವರ ಕೆಲಸವನ್ನು ನೆನೆದರೆ ತಾಳ್ಮೆಯೆಂದರೇನೆಂಬುದು ತಿಳಿಯುವದು. ರಾಮನ್ನರಿಗೆ ವಜ್ರಗಳಲ್ಲಿ ಅಪರಿಮಿತವಾದ ಆಸಕ್ತಿಯಿದ್ದು ಅವರು ನೂರಾರು ವಜ್ರಗಳನ್ನು ಸಂಗ್ರಹಿಸಿದ್ದರು. ಅವುಗಳಲ್ಲಿ ಮೂವತ್ತಕ್ಕೂ ಮಿಕ್ಕಿದ ವಜ್ರಗಳನ್ನು ಅನ್ನಾ ಮಣಿಯವರು ಪರೀಕ್ಷಿಸಿದರು. ಅವು ಹೊರಸೂಸುವ ಬೆಳಕು ಅದೆಷ್ಟು ಕ್ಷೀಣವೆಂದರೆ ಒಂದು ಚಿತ್ರವು ಫಲಕದ ಮೇಲೆ ಮೂಡಬೇಕಾದರೆ ಹದಿನೈದು ಇಪ್ಪತ್ತು ತಾಸು ಬೆಳಕನ್ನು ಹಾಯಿಸುತ್ತಲೇ ಇರಬೇಕಾಗುತ್ತಿದ್ದಿತು. ಅವರು ರಾತ್ರಿಯನ್ನೂ ಪ್ರಯೋಗಾಲಯದಲ್ಲಿಯೇ ಕಳೆಯುತ್ತಿದ್ದರು. ೧೯೪೫ರಲ್ಲಿ ಪ್ರಬಂಧವನ್ನು ಮದ್ರಾಸ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದಾಗ, ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರ್ ಪದವಿಯು ಅವರಿಗೆ ದೊರೆಯಲಿಲ್ಲ. ಅವರು ಎದೆಗುಂದದೆ ಇಂಗ್ಲಂಡಿಗೆ ಹೋಗಿ ಹವಾಮಾನದ ಉಪಕರಣಗಳ ವಿದ್ಯೆಯನ್ನು ಕಲಿತು, ೧೯೪೮ರಲ್ಲಿ ಮರಳಿ ಬಂದು ದೇಶದ ಹವಾಮಾನ ಇಲಾಖೆಗೆ ಆಧಾರಸ್ತಂಭವಾದರು.

ಇನ್ನು ಆ ಕಪ್ಪು ಉಸುಕಿನ ಕಡೆಗೆ ಬರೋಣ. ಬೆಂಗಳೂರಿನಲ್ಲಿ ರಾಮನ್ನರ ಲಕ್ಷ್ಯವು ದ್ರವಗಳಿಂದ ಸ್ಫಟಿಕಗಳ ಕಡೆಗೆ ತಿರುಗಿದ್ದಿತು. ಸ್ಫಟಿಕವೆಂದರೆ ಪರಮಾಣುಗಳು ಮಗ್ಗದ ಹಾಸುಹೊಕ್ಕಿನಂತೆ ನಿಯಮವಾಗಿ ಜೋಡಿಸಿಕೊಂಡ ಘನಪದಾರ್ಥ. ೧೯೪೦ರಲ್ಲಿ ಅವರು ನೆಡುಂಗಾಡಿಯೆಂಬ ಶಿಷ್ಯರೊಡನೆ ಬೆಣಚುಕಲ್ಲಿನ ಸ್ಫಟಿಕವನ್ನು ಕಾಯಿಸುತ್ತ ಅದರಿಂದ ಚದರುವ ಬೆಳಕನ್ನು ಪರೀಕ್ಷಿಸಿದರು. ಬೆಣಚುಕಲ್ಲು ಸುಮಾರು ೫೭೩ ಅಂಶ ಸೆಂಟಿಗ್ರೇಡಿನಲ್ಲಿ ತನ್ನ ಒಳಜೋಡಣೆಯನ್ನು ಬದಲಿಸುವದು. ಕಾವು ಅದರ ಸಮೀಪಕ್ಕೆ ಬಂದಂತೆ ಸ್ಫಟಿಕದ ಒಂದು ಕಂಪನವು ಮೆಲ್ಲಮೆಲ್ಲಗೆ ಸಡಿಲವಾಗುತ್ತ ನಡೆಯುವದನ್ನು ಅವರು ಕಂಡರು. ತಂತಿಯನ್ನು ಸಡಿಲಿಸಿದರೆ ವೀಣೆಯ ಸ್ವರವು ಇಳಿಯುವಂತೆ, ಜೋಡಣೆಯು ಮುರಿಯುವ ಮೊದಲೇ ಕಲ್ಲಿನ ಸ್ವರವು ಇಳಿಯಿತು. ಪದಾರ್ಥದ ಒಳಗೆ ಆಗುವ ಮಾರ್ಪಾಟನ್ನು ಚದರಿದ ಬೆಳಕು ಮುಂಚಿತವಾಗಿ ತಿಳಿಸಬಲ್ಲದೆಂಬುದಕ್ಕೆ ಇದು ದೃಷ್ಟಾಂತವಾಯಿತು.

ಅದಕ್ಕೆ ಒಂದು ವರ್ಷ ಮುಂಚೆ, ೧೯೩೯ರಲ್ಲಿ, ಹಾಲೆಂಡ ದೇಶದ ವರ್ವೇ ಎಂಬ ರಸಾಯನಶಾಸ್ತ್ರಜ್ಞರು ಹಳ್ಳದ ದಂಡೆಯ ಕಪ್ಪು ಕಣಗಳಲ್ಲಿರುವ ಪದಾರ್ಥವನ್ನೇ, ಅಂದರೆ ಮ್ಯಾಗ್ನಟೈಟ್ ಎಂಬ ಅಯಸ್ಕಾಂತಶಿಲೆಯನ್ನು, ಕುರಿತು ಒಂದು ವಿಚಿತ್ರವಾದ ವಿಷಯವನ್ನು ಪ್ರಕಟಿಸಿದ್ದರು. ಅದರಲ್ಲಿ ಮೂರು ಕಬ್ಬಿಣದ ಪರಮಾಣುಗಳಿಗೆ ನಾಲ್ಕು ಪ್ರಾಣವಾಯುವಿನ ಪರಮಾಣುಗಳಿರುವವು. ಕಬ್ಬಿಣದ ಪರಮಾಣುಗಳಲ್ಲಿ ಕೆಲವು ಎರಡು ಎಲೆಕ್ಟ್ರಾನುಗಳನ್ನೂ ಕೆಲವು ಮೂರನ್ನೂ ಕಳೆದುಕೊಂಡಿರುವವು. ಸಾಮಾನ್ಯವಾದ ಕಾವಿನಲ್ಲಿ ಈ ಹೆಚ್ಚಿನ ಎಲೆಕ್ಟ್ರಾನು ಒಂದೆಡೆ ನಿಲ್ಲದೆ, ಸಂತೆಯ ಜನರಂತೆ ಈ ಪರಮಾಣುವಿನಿಂದ ಆ ಪರಮಾಣುವಿಗೆ ಜಿಗಿಯುತ್ತಿರುವದರಿಂದ ಕಲ್ಲಿನಲ್ಲಿ ವಿದ್ಯುತ್ತು ಹರಿಯುವದು. ಕಲ್ಲನ್ನು ಸೊನ್ನೆಗಿಂತ ಕೆಳಗೆ ಸುಮಾರು ೧೫೩ ಅಂಶಗಳಷ್ಟು ತಂಪುಮಾಡಿದರೆ ಹರಿಯುವಿಕೆಯು ಒಮ್ಮೆಲೇ ನೂರು ಪಾಲು ಕುಗ್ಗುವದು. ಸಂತೆಯು ಮುಗಿದು ಜನರು ತಮ್ಮ ತಮ್ಮ ಮನೆಗಳನ್ನು ಸೇರಿದಂತೆ ಎಲೆಕ್ಟ್ರಾನುಗಳು ಗೊತ್ತಾದ ಸ್ಥಾನಗಳಲ್ಲಿ ಸಾಲಾಗಿ ನಿಂತುಬಿಡುವವೆಂದು ವರ್ವೇಯವರು ಊಹಿಸಿದರು. ಇದಕ್ಕೆ ವಿದ್ಯುದಂಶಗಳ ಕ್ರಮಬದ್ಧತೆಯೆಂದು ಹೇಳುವರು. ಬೆಟಗೇರಿಯ ನೇಕಾರರು ಎರಡು ಬಣ್ಣದ ನೂಲಿನಿಂದ ಚೌಕಡಿಯನ್ನು ನೇಯ್ದಂತೆ, ಒಂದೇ ಲೋಹದ ಎರಡು ಬಗೆಯ ಪರಮಾಣುಗಳು ಕಲ್ಲಿನಲ್ಲಿ ಚಿತ್ತಾರವಾಗಿ ನಿಲ್ಲುವವೆಂದು ತಿಳಿದರೆ ಸಾಕು.

ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೂ ಉತ್ತರವು ಜೋಡಣೆಯಲ್ಲಿಯೇ ಅಡಗಿದೆ. ಕಬ್ಬಿಣದ ಪ್ರತಿಯೊಂದು ಪರಮಾಣುವೂ ಒಂದು ಚಿಕ್ಕ ಚುಂಬಕವೇ. ಕೆಂಪು ತುಕ್ಕಿನಲ್ಲಿ ಅವು ಒಂದಕ್ಕೊಂದು ವಿರುದ್ಧವಾಗಿ ಸಮಬಲದಿಂದ ನಿಂತು ಒಂದರ ಶಕ್ತಿಯನ್ನೊಂದು ಅಳಿಸುವವು. ಕಪ್ಪು ಕಣದಲ್ಲಿಯೂ ಎರಡು ಪಂಗಡಗಳು ವಿರುದ್ಧವಾಗಿಯೇ ನಿಲ್ಲುವವಾದರೂ ಒಂದು ಪಂಗಡವು ಮತ್ತೊಂದಕ್ಕಿಂತ ಬಲವುಳ್ಳದ್ದು. ಆ ಉಳಿದ ಬಲವೇ ಅಂಟುವಿಕೆಗೆ ಕಾರಣ. ಇದನ್ನು ೧೯೪೮ರಲ್ಲಿ ಫ್ರಾನ್ಸ್ ದೇಶದ ಲೂಯಿ ನೀಲ್ ಎಂಬವರು ವಿವರಿಸಿದರು. ತರುವಾಯ ಅಮೇರಿಕದ ವಿಜ್ಞಾನಿಗಳು ನ್ಯೂಟ್ರಾನುಗಳನ್ನು ಚದರಿಸಿ ಅದನ್ನು ಪ್ರತ್ಯಕ್ಷವಾಗಿ ಸಿದ್ಧಪಡಿಸಿದರು. ನ್ಯೂಟ್ರಾನು ತಾನೇ ಒಂದು ಪುಟ್ಟ ಚುಂಬಕವಾದ್ದರಿಂದ ಕಲ್ಲಿನೊಳಗಿನ ಚುಂಬಕಗಳ ದಿಕ್ಕನ್ನು ಅದು ಅರಿಯಬಲ್ಲದು. ೧೯೫೫ರಲ್ಲಿ ವೊಲಾನ್ ಮತ್ತು ಕೋಲರ್ ಎಂಬ ವಿಜ್ಞಾನಿಗಳು ಇದೇ ಉಪಾಯದಿಂದ ಮ್ಯಾಂಗನೀಸಿನ ಆಕ್ಸೈಡುಗಳಲ್ಲಿಯೂ ಇಂಥ ಕ್ರಮವನ್ನು ಕಂಡರು.

ರಾಮನ್ನರ ಜೀವನದಲ್ಲಿ ಸೋಲುಗಳೂ ಉಂಟು. ೧೯೪೦ರ ಸುಮಾರಿಗೆ ಅವರು ವಜ್ರದ ಮೇಲೆ ಕ್ಷ-ಕಿರಣವನ್ನು ಹಾಯಿಸಿದಾಗ ಕಂಡ ಹೆಚ್ಚಿನ ಚುಕ್ಕೆಗಳಿಗೆ ತಮ್ಮದೇ ಹೊಸ ಸಿದ್ಧಾಂತವನ್ನು ಹೂಡಿದರು. ಲಂಡನ್ನಿನಲ್ಲಿದ್ದ ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಂಬ ವಿದುಷಿಯು ಇದನ್ನು ಒಪ್ಪಲಿಲ್ಲ. ಆಕೆಯು ಮೂವರು ಮಕ್ಕಳ ತಾಯಿ. ಮನೆಗೆಲಸದ ನಡುವೆಯೇ ಲೆಕ್ಕಗಳನ್ನು ಕೈಯಿಂದ ಮಾಡಿ ಬೆಂಜೀನಿನ ಉಂಗುರವು ಸಪಾಟಾಗಿರುವದೆಂದು ೧೯೨೯ರಲ್ಲಿ ಸಿದ್ಧಪಡಿಸಿದ್ದವರು. ಸ್ಫಟಿಕದ ಕಾವನ್ನು ಬದಲಿಸುತ್ತ ನೋಡಿ, ಹರಡಿದ ಚುಕ್ಕೆಗಳು ಪರಮಾಣುಗಳ ಉಷ್ಣಕಂಪನದಿಂದ ಆಗುವವೆಂಬ ಪಕ್ಷವನ್ನು ಅವರು ಎತ್ತಿಹಿಡಿದರು. ಸ್ಫಟಿಕಗಳ ಕಂಪನದ ವಿಷಯವಾಗಿ ಮ್ಯಾಕ್ಸ್ ಬಾರ್ನರೊಡನೆಯೂ ರಾಮನ್ನರಿಗೆ ದೀರ್ಘವಾದ ವಾದವು ನಡೆಯಿತು. ಎರಡರಲ್ಲಿಯೂ ವಿದ್ವಲ್ಲೋಕವು ಕಡೆಗೆ ಎದುರು ಪಕ್ಷವನ್ನೇ ಒಪ್ಪಿತು. ರಾಮನ್ನರು ಮಾತ್ರ ಮಣಿಯಲಿಲ್ಲ. ಕೋಟಿಗೊಂದು ಕಿರಣದ ಮಾತನ್ನು ಆಲಿಸಿದವರು ತಮ್ಮನ್ನು ಎದುರಿಸಿದವರ ಮಾತನ್ನು ಆಲಿಸಲಾರದೆ ಹೋದರು. ಲಾನ್ಸ್‌ಡೇಲರನ್ನು ೧೯೪೫ರಲ್ಲಿ ರಾಯಲ್ ಸೊಸೈಟಿಯು ಸದಸ್ಯೆಯನ್ನಾಗಿ ಆರಿಸಿತು. ಆ ಮಾನವನ್ನು ಪಡೆದ ಮೊದಲ ಇಬ್ಬರು ಸ್ತ್ರೀಯರಲ್ಲಿ ಅವರೊಬ್ಬರು.

ವಿಜ್ಞಾನ ಮಂದಿರದಿಂದ ನಿವೃತ್ತರಾದ ತರುವಾಯ ರಾಮನ್ನರು ವಿಶ್ರಾಂತಿಯನ್ನು ಬಯಸಲಿಲ್ಲ. ಮೈಸೂರಿನ ಮಹಾರಾಜರು ೧೯೩೪ರಲ್ಲಿ ಅಕಾಡೆಮಿಗೆ ಕೊಟ್ಟಿದ್ದ ನಿವೇಶನದಲ್ಲಿ ತಮ್ಮ ಹೆಸರಿನ ಸಂಶೋಧನಾಲಯವನ್ನು ಕಟ್ಟಿಸಿ, ಸುತ್ತಲೂ ಗಿಡಮರಗಳನ್ನು ನೆಡಿಸಿ, ಒಳಗೆ ಖನಿಜಗಳ, ಹರಳುಗಳ, ಚಿಪ್ಪುಗಳ ಸಂಗ್ರಹವನ್ನು ಜೋಡಿಸಿದರು. ಸರ್ಕಾರದ ಹಣವನ್ನು ಪಡೆದರೆ ಸ್ವಾತಂತ್ರ್ಯವು ಹೋಗುವದೆಂದು ಶಂಕಿಸಿ ಸ್ವಂತ ಗಳಿಕೆಯಿಂದಲೂ ಇತರರ ದಾನದಿಂದಲೂ ಅದನ್ನು ನಡಿಸಿದರು. ಮಕ್ಕಳು ಬಂದರೆ ತಾವೇ ಕರೆದುಕೊಂಡು ಹೋಗಿ ಹರಳುಗಳನ್ನು ತೋರಿಸುತ್ತಿದ್ದರು. ೧೯೫೪ರಲ್ಲಿ ಭಾರತರತ್ನ ಪ್ರಶಸ್ತಿಯು ಅವರಿಗೆ ಸಂದಿತು. ೧೯೭೦ರ ನವೆಂಬರ ೨೧ರಂದು ಎಂಬತ್ತೆರಡನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿಯೇ ಕಾಲವಾದರು. ಅವರ ದೇಹವನ್ನು ಆ ತೋಟದಲ್ಲಿಯೇ ದಹಿಸಿದರು. ಅಲ್ಲಿ ಕಲ್ಲಿನ ಸ್ಮಾರಕವಿಲ್ಲ, ಒಂದು ಮರವಿದೆ. ೧೯೮೭ರಿಂದ ಫೆಬ್ರವರಿ ೨೮ನೆಯ ದಿನವನ್ನು ದೇಶವು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತಿದೆ.

ಆದರೆ ಅವರ ನಿಜವಾದ ಸ್ಮಾರಕವು ಅವರ ಉಪಾಯವೇ. ೧೯೬೦ರಲ್ಲಿ ಲೇಸರ್ ಎಂಬ ತೀಕ್ಷ್ಣವಾದ ದೀಪವು ಬಂದ ಮೇಲೆ ತಾಸುಗಟ್ಟಲೆ ಕಾಯುವ ಶ್ರಮವು ತಪ್ಪಿ ರಾಮನ್ ಚದರಿಕೆಗೆ ಹೊಸ ಜೀವವು ಬಂದಿತು. ಇಪ್ಪತ್ತನೆಯ ಶತಮಾನದ ಕಡೆಯಲ್ಲಿ ಬೆಂಗಳೂರಿನ ವಿಜ್ಞಾನಿಗಳು, ಅವರಲ್ಲಿ ಮುಖ್ಯವಾಗಿ ಸಿ. ಎನ್. ಆರ್. ರಾವ್ ಅವರೂ ಅವರ ಸಂಗಡಿಗರೂ, ಮ್ಯಾಂಗನೀಸಿನ ಆಕ್ಸೈಡುಗಳಲ್ಲಿ ವಿದ್ಯುದಂಶಗಳು ಸಾಲುಗೂಡುವ ಬಗೆಯನ್ನು ವಿಸ್ತಾರವಾಗಿ ಪರೀಕ್ಷಿಸಿದರು. ಅವುಗಳಲ್ಲಿ ಕೆಲವನ್ನು ತಂಪುಮಾಡಿದರೆ ಎಲೆಕ್ಟ್ರಾನುಗಳು ಸಾಲಾಗಿ ನಿಂತು ವಿದ್ಯುತ್ತಿನ ಹರಿವು ತಡೆಯುವದು. ಬಲವಾದ ಚುಂಬಕವನ್ನು ಹತ್ತಿರ ತಂದರೆ ಸಾಲು ಕರಗಿ ವಿದ್ಯುತ್ತು ಮತ್ತೆ ಹರಿಯುವದು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಎ. ಕೆ. ಸೂದ್ ಮೊದಲಾದವರು ರಾಮನ್ನರು ಹಿಂದೆ ದುಡಿದ ಆ ವಿಜ್ಞಾನ ಮಂದಿರದಲ್ಲಿಯೇ ಇಂಥ ಆಕ್ಸೈಡಿನ ಮೇಲೆ ಬೆಳಕನ್ನು ಹಾಯಿಸಿ ರಾಮನ್ ಚದರಿಕೆಯನ್ನು ಅಳೆದರು. ಎಲೆಕ್ಟ್ರಾನುಗಳು ಸಾಲುಗೂಡುವಾಗ ಪರಮಾಣುಗಳ ಜೋಡಣೆಯೂ ಕೊಂಚ ಓರೆಯಾಗುವದರಿಂದ, ಮೊದಲು ಇಲ್ಲದ ಹೊಸ ರೇಖೆಗಳು ಚದರಿದ ಬೆಳಕಿನಲ್ಲಿ ಮೂಡುವವು. ಬೆಣಚುಕಲ್ಲಿನಲ್ಲಿ ೧೯೪೦ರಲ್ಲಿ ಗುರುಶಿಷ್ಯರು ತೋರಿಸಿದ ಮಾರ್ಗವು ಹೀಗೆ ಆ ಮನೆಯಂಗಳದಲ್ಲಿಯೇ ಫಲಿಸಿತು. ಹಳ್ಳದ ಕಪ್ಪು ಕಣದ ಒಗಟಾದರೋ ಇನ್ನೂ ಬಹುಕಾಲ ಉಳಿಯಿತು. ವರ್ವೇಯವರ ಊಹೆಯಾಗಿ ಎಪ್ಪತ್ತಮೂರು ವರ್ಷಗಳ ತರುವಾಯ, ೨೦೧೨ರಲ್ಲಿ, ಯುರೋಪಿನ ವಿಜ್ಞಾನಿಗಳು ಕೂದಲೆಳೆಯ ದಪ್ಪಕ್ಕಿಂತ ದೊಡ್ಡದಲ್ಲದ ಅಯಸ್ಕಾಂತದ ಹರಳಿನ ಮೇಲೆ ಪ್ರಬಲವಾದ ಕ್ಷ-ಕಿರಣವನ್ನು ಹಾಯಿಸಿ ಅದರ ಎಲೆಕ್ಟ್ರಾನುಗಳ ಚಿತ್ತಾರವನ್ನು ಪೂರ್ತಿಯಾಗಿ ಬಿಡಿಸಿದರು. ವರ್ವೇಯವರ ಊಹೆಯು ಮೊದಲ ಅಳತೆಗೆ ನಿಜವೇ. ಆದರೆ ಎಲೆಕ್ಟ್ರಾನು ಒಂದೇ ಪರಮಾಣುವಿನಲ್ಲಿ ಅಡಗಿರದೆ ಸಾಲಾಗಿರುವ ಮೂರು ಪರಮಾಣುಗಳಲ್ಲಿ ಹಂಚಿಕೊಂಡಿರುವದೆಂದು ಕಂಡುಬಂದಿತು.

ಮಾನ್ಯ ಪಾಲಕರೇ, ಆ ಪೊಟ್ಟಣವನ್ನು ತಂದ ಹುಡುಗಿಗೆ ನಾವು ಅಂದು ಪೂರ್ತಿಯಾದ ಉತ್ತರವನ್ನು ಕೊಡಲಾರದೆ ಹೋದೆವು. ತಿಳಿದಷ್ಟನ್ನು ಹೇಳಿ, ಉಳಿದುದನ್ನು ಓದಿ ತಿಳಿಸುವೆವೆಂದು ಮಾತು ಕೊಟ್ಟೆವು; ಈ ಲೇಖನವು ಆ ಮಾತಿನ ಸಲುವಳಿಯೂ ಹೌದು. ಉಸುಕು ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ಗಾಜಿನ ಶೀಸೆಯಲ್ಲಿ ಇದೆ. ಮನೆಗೆ ಬಂದ ಮಗಳು ಕೈಯಲ್ಲಿ ಮಣ್ಣನ್ನೋ ಕಲ್ಲನ್ನೋ ಹಿಡಿದು ಯಾತಕ್ಕೆಂದು ಕೇಳಿದರೆ, ಕೆಲಸದ ಅವಸರದಲ್ಲಿ ಅವಳನ್ನು ಗದರಿಸಿ ಕಳುಹಿಸಬೇಡಿರೆಂದು ನಮ್ಮ ಬಿನ್ನಹ. ಹತ್ತನೆಯ ಇಯತ್ತೆಯು ಮುಗಿದೊಡನೆ ಅವಳ ಓದು ಸಾಕೆಂದು ನಿಶ್ಚಯಿಸುವ ಮುನ್ನ ಬೆಂಗಳೂರಿನ ಬಾಗಿಲಲ್ಲಿ ನಿಂತು ಕಾರಣವನ್ನು ಕೇಳಿದ ಕಮಲಾರವರನ್ನು ಒಮ್ಮೆ ನೆನೆಯಿರಿ. ಪೂರ್ವ ವಿದ್ಯಾರ್ಥಿನಿಯರಾದ ಸೋದರಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರಾಗಿರುವಿರಿ, ಶಿಕ್ಷಕಿಯರಾಗಿರುವಿರಿ. ಶಾಲೆಗೆ ಬಂದಾಗ ಆ ಶೀಸೆಯನ್ನೂ ಅದರ ಬದಿಗಿರುವ ಚುಂಬಕವನ್ನೂ ಕೇಳಿ ಪಡೆದು ನಿಮ್ಮ ಮಕ್ಕಳಿಗೆ ತೋರಿಸಿರಿ.